ಬ್ಯಾರಲ್ ನೀರಿಗೆ ಹಾಕುವ ಬಿಟಿಐ ಪುಡಿ: ಗುಳೇದಗುಡ್ಡದ ಮಗ್ಗದ ಮನೆಯಿಂದ ಒಂದು ವಿಮರ್ಶೆ

ಮೊದಲು ಅಂಕ ಕೊಟ್ಟುಬಿಡುತ್ತೇನೆ: ಐದಕ್ಕೆ ನಾಲ್ಕು. ಹೋದ ಮಳೆಗಾಲ ಶುರುವಾದಾಗಿನಿಂದ ದೀಪಾವಳಿ ದಾಟುವವರೆಗೂ ನಮ್ಮ ಮನೆಯ ಬ್ಯಾರಲ್, ಸಿಮೆಂಟ್ ಟಾಕಿ, ಕೂಲರ್ ಎಲ್ಲಕ್ಕೂ ಬಿಟಿಐ ಪುಡಿ ಹಾಕಿದ್ದೇವೆ. ಸೊಳ್ಳೆ ಇನ್ನೂ ನೀರಿನಲ್ಲಿ ಮರಿಯಾಗಿದ್ದಾಗಲೇ ಅದನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ ಇದು. ಕೆಲಸ ಮಾಡುತ್ತದೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಒಂದು ಅಂಕ ಕಡಿತ ಮಾಡಿದ್ದು ನಮ್ಮ ಕಡೆ ಇದನ್ನು ಮಾರುವ ರೀತಿಗೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮದು ಖಣ ನೇಯುವ ಮನೆ. ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಕೈಮಗ್ಗ ನೋಡಿದವರಿಗೆ ಗೊತ್ತಿರುತ್ತದೆ, ಆ ತಗ್ಗು ಸದಾ ಕತ್ತಲು, ತಂಪು. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ ಅದು. ಅದು ರಾತ್ರಿ ಕಚ್ಚುವ ಸೊಳ್ಳೆ ಅಲ್ಲ. ಬೆಳಿಗ್ಗೆ ಮತ್ತು ಸಂಜೆ ಹೊತ್ತು ಮುಳುಗುವ ಮುಂಚೆ ಅದರ ಕಾಟ ಜಾಸ್ತಿ. ಅದೂ ಹೆಚ್ಚಾಗಿ ಮೊಣಕಾಲಿನ ಕೆಳಗೆ ಕಚ್ಚುತ್ತದೆ. ನಮ್ಮ ಮನೆಯವರು ಮಗ್ಗದಲ್ಲಿ ಕೂತಾಗ ಎರಡೂ ಕಾಲು ತುಳಿಯುವ ಕೋಲಿನ ಮೇಲಿರುತ್ತವೆ, ಎರಡೂ ಕೈ ಲಾಳಿಗೆ ಹೋಗಿರುತ್ತವೆ, ಕಚ್ಚಿದರೆ ಹೊಡೆಯೋಕೂ ಆಗಲ್ಲ. ಸೊಳ್ಳೆಪರದೆ ಕಟ್ಟಿ ನೇಯೋಕೆ ಬರುತ್ತಾ? ಸುರುಳಿ ಬತ್ತಿ ಹಚ್ಚಿದರೆ ಆ ಸಣ್ಣ ಕೋಣೆಯಲ್ಲಿ ಹೊಗೆ ತುಂಬಿ ಕೆಮ್ಮು ಬರುತ್ತದೆ, ನೂಲಿಗೂ ವಾಸನೆ ಹಿಡಿಯುತ್ತದೆ. ಸಂಜೆ ಓಣಿಯಲ್ಲಿ ಹೊಗೆ ಹೊಡೆಯುವ ಗಾಡಿ ಬಂದರೆ ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆ ಸಾಯುತ್ತವೆ ಅಷ್ಟೇ. ಮನೆಯೊಳಗೆ ಮಗ್ಗದ ತಗ್ಗಿನಲ್ಲಿ ಕೂತ ಸೊಳ್ಳೆಗೆ ಆ ಹೊಗೆ ಎಲ್ಲಿ ಮುಟ್ಟುತ್ತದೆ?

ನೇಕಾರರ ಮನೆಗೆ ಈ ಸೊಳ್ಳೆ ಯಾಕೆ ಅಷ್ಟು ದೊಡ್ಡ ವಿಷಯ ಅಂತ ಕೇಳುವವರು 2006ನ್ನು ನೆನಪಿಸಿಕೊಳ್ಳಬೇಕು. ಆ ವರ್ಷ ಚಿಕೂನ್‌ಗುನ್ಯಾ ಬಂದಾಗ ದೇಶದಲ್ಲಿ ಸುಮಾರು 14 ಲಕ್ಷ ಶಂಕಿತ ಪ್ರಕರಣ ದಾಖಲಾದವು, ಅದರಲ್ಲಿ ಏಳೂವರೆ ಲಕ್ಷಕ್ಕೂ ಜಾಸ್ತಿ ಕರ್ನಾಟಕದ್ದೇ. ಜ್ವರ ನಾಲ್ಕೈದು ದಿನಕ್ಕೆ ಇಳಿಯುತ್ತದೆ. ಕೀಲು ನೋವು ಇಳಿಯಲ್ಲ. ಬೆರಳಿನ ಗೆಣ್ಣು, ಮಣಿಕಟ್ಟು, ಹಿಮ್ಮಡಿ ತಿಂಗಳುಗಟ್ಟಲೆ ಹಿಡಿದುಕೊಳ್ಳುತ್ತವೆ. ಎಳೆ ಹರಿದರೆ ಗಂಟು ಹಾಕೋಕೆ ಬೆರಳು ಬಾಗದಿದ್ದರೆ ಮಗ್ಗ ನಿಂತ ಹಾಗೆಯೇ, ಮಗ್ಗ ನಿಂತರೆ ಕೂಲಿ ಇಲ್ಲ. ನಮ್ಮ ಅತ್ತೆ ಇವತ್ತಿಗೂ ಆ ವರ್ಷದ ಮಾತು ಬಂದರೆ ತಮ್ಮ ಬಲಗೈ ಹೆಬ್ಬೆರಳು ಒತ್ತಿಕೊಳ್ಳುತ್ತಾರೆ.

ಸೊಳ್ಳೆ ಎಲ್ಲಿಂದ ಬರುತ್ತವೆ ಅಂತ ಬಹಳ ಜನ ಚರಂಡಿ ಕಡೆ ಬೆರಳು ತೋರಿಸುತ್ತಾರೆ. ಚರಂಡಿಯಲ್ಲಿ ಹುಟ್ಟುವುದು ಬೇರೆ ಜಾತಿ, ಕ್ಯೂಲೆಕ್ಸ್, ರಾತ್ರಿ ಕಿವಿ ಹತ್ತಿರ ಗುಂಯ್ ಅನ್ನುವುದು ಅದು. ಈಡಿಸ್‌ಗೆ ಬೇಕಾದದ್ದು ನಾವು ಮನೆಯೊಳಗೆ ಜೋಪಾನ ಮಾಡುವ ನೀರೇ. ನಮ್ಮ ಊರಲ್ಲಿ ನಲ್ಲಿ ನೀರು ಬಂದ ದಿನ ಹಿಡಿದಿಟ್ಟುಕೊಳ್ಳದೆ ಸಂಸಾರ ನಡೆಯಲ್ಲ. ಕುಡಿಯೋಕೆ ಹರವಿ, ಬಳಸೋಕೆ ಪ್ಲಾಸ್ಟಿಕ್ ಬ್ಯಾರಲ್, ಹಿತ್ತಲಲ್ಲಿ ಸಿಮೆಂಟ್ ಟಾಕಿ, ಮೇಲೆ ಸಿಂಟೆಕ್ಸ್, ಎಮ್ಮೆಗೆ ಕಲ್ಲಿನ ದೋಣಿ, ಬೇಸಿಗೆಯ ಕೂಲರ್. ಆಶಾ ಅಕ್ಕಾರು ಲಾರ್ವಾ (ಸೊಳ್ಳೆ ಮರಿ) ಸರ್ವೆಗೆ ಬಂದಾಗ ಬ್ಯಾರಲ್ ಒಳಗೆ ಟಾರ್ಚ್ ಬಿಟ್ಟು, "ನೋಡ್ರಿ ಅಕ್ಕಾರ, ನಿಮ್ಮ ಮನಿ ಗುಂಗಾಡಿ ಇಲ್ಲೇ ಹುಟ್ಟಾಕತ್ತಾವ" ಅಂದರು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡದ ನಿಯಮ ತಂದಿದೆ. ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಾದರೆ 400 ರೂಪಾಯಿ, ಹಳ್ಳಿಯಲ್ಲಾದರೆ 200. ದಂಡಕ್ಕಿಂತ ನನಗೆ ಆ ತಗ್ಗಿನಲ್ಲಿರುವ ಕಾಲುಗಳ ಚಿಂತೆ ಜಾಸ್ತಿ ಇತ್ತು.

ಇನ್ನು ಅಂಗಡಿ ವಿಷಯ. ಬಾಗಲಕೋಟೆಯ ಒಂದು ಗೊಬ್ಬರ-ಔಷಧಿ ಅಂಗಡಿಗೆ ಹೋಗಿ "ಸೊಳ್ಳೆ ಮರಿಗೆ ಹಾಕುವ ಬಿಟಿ ಪುಡಿ ಕೊಡಿ" ಅಂತ ಕೇಳಿದೆ. ಹುಡುಗ ತಕ್ಷಣ ಒಂದು ಪೊಟ್ಟಣ ಇಟ್ಟ. ಎತ್ತಿಕೊಂಡು ಓದಿದರೆ ಅದರ ಮೇಲೆ ಕುರ್ಸ್ತಾಕಿ ಅಂತಿದೆ! ಅದು ತೊಗರಿ, ಕಡಲೆಯ ಕಾಯಿಕೊರಕ ಹುಳಕ್ಕೆ ಹೊಡೆಯುವ ಬಿಟಿ. ಎರಡೂ ಒಂದೇ ಬ್ಯಾಕ್ಟೀರಿಯಾ ಕುಟುಂಬ, ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಆದರೆ ಕುರ್ಸ್ತಾಕಿ ತಳಿಯ ವಿಷ ಪತಂಗದ ಹುಳಕ್ಕೆ ನಾಟುತ್ತದೆ, ಸೊಳ್ಳೆ ಮರಿಗೆ ಅದು ಕೆಲಸಕ್ಕೆ ಬರಲ್ಲ. ನಮಗೆ ಬೇಕಾದದ್ದು ಇಸ್ರೇಲೆನ್ಸಿಸ್ ತಳಿ. ಬಿಟಿಐಯಲ್ಲಿ ಕೊನೆಯ ಐ ಅದೇ. ಹುಡುಗನಿಗೆ ಹೇಳಿದರೆ "ಎಲ್ಲಾ ಒಂದ ರೀ ಅಕ್ಕಾರ, ಬಿಟಿ ಅಂದ್ರ ಬಿಟಿ" ಅಂದ. ಒಂದೇ ಅಲ್ಲ! ಹಾಗೆ ನಂಬಿ ತಂದು ಬ್ಯಾರಲ್‌ಗೆ ಹಾಕಿದವರು ಎಷ್ಟು ಜನವೋ, ಹಾಕಿ ಮರಿ ಸಾಯದೆ ಇದ್ದಾಗ "ಈ ಜೈವಿಕ ಔಷಧಿ ಎಲ್ಲಾ ಸುಳ್ಳು" ಅಂದುಕೊಂಡವರು ಎಷ್ಟು ಜನವೋ. ಅಂಗಡಿಯವರು ಹುಡುಗರಿಗೆ ಇಷ್ಟಾದರೂ ಹೇಳಿಕೊಡಬೇಕು. ದಯವಿಟ್ಟು ಪೊಟ್ಟಣದ ಮೇಲೆ ತಳಿಯ ಹೆಸರು ನೋಡದೆ ದುಡ್ಡು ಕೊಡಬೇಡಿ.

ಸರಿಯಾದ ಪುಡಿಯನ್ನು ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆ. ನಗರಸಭೆ, ಆರೋಗ್ಯ ಇಲಾಖೆಯಂಥವರು ಕೊಳ್ಳುವ ದೊಡ್ಡ ಪ್ಯಾಕ್ ಬೇಕಾದಷ್ಟಿವೆ. ಮನೆ ಮಟ್ಟಕ್ಕೆ ಸಾಕಾಗುವ ಸಣ್ಣ ಪೊಟ್ಟಣ ಹುಡುಕಬೇಕು. ದರ ಹೇಳಬೇಕೆಂದರೆ, ಒಂದು ಮಳೆಗಾಲದಲ್ಲಿ ನಾವು ಸುರುಳಿ ಬತ್ತಿಗೆ, ಕರೆಂಟಿನ ಲಿಕ್ವಿಡ್‌ಗೆ ಸುರಿಯುವ ದುಡ್ಡಿಗಿಂತ ಕಡಿಮೆಯೇ ಆಯಿತು. ಬಂದ ಪುಡಿ ತಿಳಿ ಕಂದು ಬಣ್ಣ, ಹುಳಿ ಹುಳಿಯಾದ ಹುದುಗಿದ ವಾಸನೆ. ನೀರಿಗೆ ಹಾಕಿದ ಮೇಲೆ ಆ ವಾಸನೆ ಗೊತ್ತಾಗಲ್ಲ. ನೀರು ಸ್ವಲ್ಪ ಮಬ್ಬಾಗಿ ಆಮೇಲೆ ತಿಳಿಯಾಗುತ್ತದೆ.

ಅತ್ತೆಯವರ ಮೊದಲ ಪ್ರಶ್ನೆ, "ನೀರಿಗೆ ವಿಷಾ ಹಾಕ್ತಿಯೇನವ್ವಾ? ಎಮ್ಮಿ ಕುಡಿತೈತಿ, ಮಕ್ಕಳು ಕೈ ಹಾಕ್ತಾವ." ಸರಿಯಾದ ಪ್ರಶ್ನೆಯೇ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ನೀರಿನ ಹೊಂಡದಲ್ಲಿ ಸೊಳ್ಳೆ ಮರಿಗಳು ರಾಶಿ ರಾಶಿ ಸತ್ತು ಬಿದ್ದಿದ್ದವು. ಯೋಯೆಲ್ ಮಾರ್ಗಲಿತ್ ಮತ್ತು ಅವರ ಜೊತೆಗಾರರು ಅದನ್ನು ಕೆದಕಿದಾಗ ಸಿಕ್ಕ ಬ್ಯಾಕ್ಟೀರಿಯಾ ಇದು. ಬೀಜಾಣು ಕಟ್ಟುವಾಗ ಅದು ತನ್ನೊಳಗೆ ಒಂದು ಪ್ರೋಟೀನ್ ಹರಳನ್ನು ಕಟ್ಟಿಕೊಳ್ಳುತ್ತದೆ. ಸೊಳ್ಳೆ ಮರಿ ನೀರನ್ನು ಸೋಸಿ ಸೋಸಿ ತಿನ್ನುವ ಜೀವಿ, ಆ ಹರಳನ್ನೂ ನುಂಗುತ್ತದೆ. ಅದರ ಕರುಳು ಕ್ಷಾರದ ಗುಣದ್ದು, ಸುಣ್ಣದ ನೀರಿನ ಥರ. ಅಲ್ಲಿ ಹರಳು ಕರಗಿ ವಿಷ ಬಿಚ್ಚಿಕೊಳ್ಳುತ್ತದೆ, ಕರುಳಿನ ಗೋಡೆ ತೂತು ಬೀಳುತ್ತದೆ. ನಮ್ಮ ಹೊಟ್ಟೆ ಆಮ್ಲದ್ದು, ವಿಷ ಹೋಗಿ ಅಂಟಿಕೊಳ್ಳುವ ಕೊಂಡಿಯೂ ನಮ್ಮ ಕರುಳಲ್ಲಿ ಇಲ್ಲ. ದನ, ನಾಯಿ, ಕೋಳಿ, ಮೀನು, ಜೇನುಹುಳ ಯಾವುದಕ್ಕೂ ತೊಂದರೆ ಇಲ್ಲ. ಕುಡಿಯುವ ನೀರಿನ ಪಾತ್ರೆಗಳಿಗೂ ಕೆಲವು ಬಿಟಿಐ ತಯಾರಿಕೆಗಳನ್ನು ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಎಲ್ಲಾ ತಯಾರಿಕೆಗಳನ್ನೂ ಅಲ್ಲ, ಕೆಲವನ್ನು ಮಾತ್ರ, ಅದು ನೆನಪಿರಲಿ. ಹಾಗಾಗಿ ನಾನು ಹರವಿಗೆ ಹಾಕಲ್ಲ. ಹರವಿಗೆ ಬಟ್ಟೆ ಕಟ್ಟಿ, ಖಾಲಿಯಾದಾಗಲೆಲ್ಲ ಒಳಗೆ ತಿಕ್ಕಿ ತೊಳೆದರೆ ಸಾಕು.

ಆದರೆ ಕಣ್ಣಿಂದ ನೋಡದೆ ನಂಬಬೇಡಿ ಅಂತ ನಾನೇ ಹೇಳುತ್ತೇನೆ. ಬ್ಯಾರಲ್‌ನಿಂದ ಮರಿಗಳಿದ್ದ ನೀರನ್ನು ಹಾರ್ಲಿಕ್ಸ್ ಬಾಟಲಿಗೆ ತೆಗೆದುಕೊಂಡು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಕಿಟಕಿ ಹತ್ತಿರ ಇಟ್ಟೆ. ಮರಿಗಳು ಬಾಲದ ತುದಿಯ ಉಸಿರಾಟದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಬಾಟಲಿ ತಟ್ಟಿದರೆ ಒಮ್ಮೆಲೇ ತಿರುಚಿಕೊಂಡು ತಳಕ್ಕೆ ಇಳಿಯುತ್ತವೆ. ಚಿಟಿಕೆಗಿಂತ ಕಡಿಮೆ ಪುಡಿ ಕಲಸಿ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ತಟ್ಟಿದರೂ ಇಳಿಯುವ ಚುರುಕು ಇರಲಿಲ್ಲ. ಮರುದಿನ ಬೆಳಿಗ್ಗೆ ಮರಿಗಳೆಲ್ಲ ತಳದಲ್ಲಿ ಬೆಳ್ಳಗೆ, ಮೆತ್ತಗೆ ಬಿದ್ದಿದ್ದವು. ಆದರೆ ಎರಡು-ಮೂರು ದಪ್ಪ ತಲೆಯ, ಬಾಗಿದ ಮೈಯವು ಇನ್ನೂ ಉರುಳಾಡುತ್ತಲೇ ಇದ್ದವು. ಅವು ಮರಿಯಲ್ಲ, ಕೋಶ. ಕೋಶದ ಹಂತದಲ್ಲಿ ಸೊಳ್ಳೆ ಏನನ್ನೂ ತಿನ್ನಲ್ಲ, ತಿನ್ನದಿದ್ದರೆ ಈ ಪುಡಿ ಏನೂ ಮಾಡಲ್ಲ. ಅವು ಸೊಳ್ಳೆಯಾಗಿ ಬಟ್ಟೆಯ ಕೆಳಗೆ ಕೂತವು, ಕಾಲಿಗೆ ಬಿಳಿ ಪಟ್ಟೆ ಚೆನ್ನಾಗಿ ಕಾಣುತ್ತಿತ್ತು. ಇದನ್ನು ಯಾಕೆ ಇಷ್ಟು ಉದ್ದ ಬರೆದೆ ಅಂದರೆ, ಪುಡಿ ಹಾಕಿದ ಎರಡನೇ ದಿನ ಸೊಳ್ಳೆ ಕಂಡರೆ ಪುಡಿ ಕೆಟ್ಟದ್ದು ಅಂತ ಬಿಟ್ಟುಬಿಡಬೇಡಿ. ಮೊದಲ ವಾರ ಹಳೆಯ ಬಾಕಿ ಹಾರುತ್ತವೆ, ಆಮೇಲೆ ಕಡಿಮೆಯಾಗುತ್ತದೆ.

ಅಳತೆ ಬಗ್ಗೆ. ಪಾತ್ರೆ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಮಾಣ ಲೀಟರಿಗೆ 1ರಿಂದ 5 ಮಿಲಿಗ್ರಾಂ. ಅಂದರೆ 200 ಲೀಟರ್ ಬ್ಯಾರಲ್‌ಗೆ ಹೆಚ್ಚೆಂದರೆ 1 ಗ್ರಾಂ. ಆದರೆ ಪುಡಿಯ ಬಲ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ, ಆ ಬಲವನ್ನು ತೋರಿಸುವ ಐಟಿಯು ಅಂತ ಒಂದು ಸಂಖ್ಯೆ ಪೊಟ್ಟಣದ ಮೇಲೆ ಇರುತ್ತದೆ. ಹಾಗಾಗಿ ನಿಮ್ಮ ಪೊಟ್ಟಣದ ಮೇಲಿನ ಅಳತೆಯನ್ನೇ ನಂಬಿ. ಮನೆಯಲ್ಲಿ 1 ಗ್ರಾಂ ತೂಗುವುದು ಹೇಗೆ? ನಮ್ಮ ಓಣಿಯ ಅಕ್ಕಸಾಲಿಗರ ಅಂಗಡಿಗೆ ಹೋಗಿ ಬಂಗಾರ ತೂಗುವ ತಕ್ಕಡಿಯಲ್ಲಿ 1 ಗ್ರಾಂ ತೂಗಿಸಿ, ಅದು ಔಷಧಿ ಬಾಟಲಿಯ ಜೊತೆ ಬರುವ ಸಣ್ಣ ಪ್ಲಾಸ್ಟಿಕ್ ಚಮಚದಲ್ಲಿ ಎಲ್ಲಿವರೆಗೆ ಬರುತ್ತದೆ ಅಂತ ಗೆರೆ ಹಾಕಿಕೊಂಡೆ. ಇಂಥ ಒಂದು ಅಳತೆ ಚಮಚವನ್ನು ಪೊಟ್ಟಣದೊಳಗೇ ಹಾಕಿದರೆ ಕಂಪನಿಯವರ ಗಂಟೇನು ಹೋಗುತ್ತದೆ? ಅಳತೆಯ ವಿವರವೂ ಇರುವೆ ಸಾಲಿನಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಹೆಕ್ಟೇರ್ ಲೆಕ್ಕದಲ್ಲಿ. ಬ್ಯಾರಲ್ ಇಟ್ಟುಕೊಂಡವರಿಗೆ ಹೆಕ್ಟೇರ್ ಲೆಕ್ಕದಿಂದ ಏನು ಉಪಯೋಗ? ಕನ್ನಡದಲ್ಲಿ ಒಂದು ಸಾಲು ಬೇಕಿತ್ತು, "ಇಷ್ಟು ನೀರಿಗೆ ಇಷ್ಟು, ಇಷ್ಟು ದಿನಕ್ಕೊಮ್ಮೆ" ಅಂತ. ಕತ್ತರಿಸಿದ ಅರ್ಧ ಅಂಕ ಇದಕ್ಕೆ, ಉಳಿದ ಅರ್ಧ ಮೇಲೆ ಹೇಳಿದ ಅಂಗಡಿ ಗೊಂದಲಕ್ಕೆ.

ಪುಡಿಯನ್ನು ನೇರವಾಗಿ ಉದುರಿಸಬೇಡಿ, ಗಂಟುಗಟ್ಟಿ ಒಂದೇ ಕಡೆ ಮುಳುಗುತ್ತದೆ. ಒಂದು ತಂಬಿಗೆ ನೀರಲ್ಲಿ ಚೆನ್ನಾಗಿ ಕಲಸಿ ಆಮೇಲೆ ಸುರಿಯಿರಿ. ಉಳಿದದ್ದನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ನೆರಳಲ್ಲಿಡಿ. ಪಸೆ ಹಿಡಿದರೆ, ಬಿಸಿಲಿಗೆ ಕಾದರೆ ಬಲ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಅಂಗಡಿ ಮುಂದೆ ಗಾಜಿನ ಹಿಂದೆ ಬಿಸಿಲು ತಿಂದ ಪೊಟ್ಟಣ ತೆಗೆದುಕೊಳ್ಳಬೇಡಿ. ತಯಾರಾದ ತಾರೀಕು ನೋಡಿ.

ಎಷ್ಟು ದಿನ ತಡೆಯುತ್ತದೆ ಅನ್ನುವುದು ಪಾತ್ರೆಯ ಮೇಲೆ. ಮುಚ್ಚಳ ಇರುವ, ನೆರಳಲ್ಲಿರುವ ಬ್ಯಾರಲ್‌ಗೆ ಹಾಕಿದ್ದು ಎರಡು ವಾರ ಆರಾಮಾಗಿ ನಡೆಯಿತು. ಹಿತ್ತಲ ಟಾಕಿ ಬಿಸಿಲಲ್ಲಿದೆ, ದಿನಾ ಅರ್ಧ ನೀರು ಬಳಸಿ ಮತ್ತೆ ತುಂಬುತ್ತೇವೆ, ಅಲ್ಲಿ ವಾರಕ್ಕೇ ಮರಿ ಕಂಡವು. ಬಿಸಿಲಿನ ಕಿರಣ ಆ ಪ್ರೋಟೀನನ್ನು ಕೆಡಿಸುತ್ತದೆ, ಹೊಸ ನೀರು ಅದನ್ನು ತೆಳುಮಾಡುತ್ತದೆ, ಉಳಿದದ್ದು ತಳಕ್ಕೆ ಇಳಿಯುತ್ತದೆ. ಕೊಳಕು ನೀರಿನಲ್ಲಂತೂ ಜಾಸ್ತಿ ಪ್ರಮಾಣ ಬೇಕು, ಬೇಗ ಖಾಲಿಯಾಗುತ್ತದೆ. ಚರಂಡಿಯ ಕ್ಯೂಲೆಕ್ಸ್‌ಗೆ ಸ್ಫೇರಿಕಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ ಇದೆ. ಕೊಳಕು ನೀರಲ್ಲಿ ಅದು ಜಾಸ್ತಿ ದಿನ ಉಳಿಯುತ್ತದೆ, ಆದರೆ ಕೊಚ್ಚಿಯಲ್ಲಿ ಅದನ್ನು ಬಿಡದೆ ಬಳಸಿದಾಗ ಸೊಳ್ಳೆಗಳು ಅದಕ್ಕೆ ಒಗ್ಗಿಕೊಂಡವು. ಬಿಟಿಐಯಲ್ಲಿ ಒಂದೇ ವಿಷ ಅಲ್ಲ, ನಾಲ್ಕು ಬೇರೆ ಬೇರೆ ಪ್ರೋಟೀನ್‌ಗಳು ಕೂಡಿ ಕೆಲಸ ಮಾಡುತ್ತವೆ, ಅದಕ್ಕೇ ಸೊಳ್ಳೆಗಳು ಇದಕ್ಕೆ ಸುಲಭವಾಗಿ ಒಗ್ಗಿಕೊಂಡಿಲ್ಲ. ಇಲಾಖೆಯವರು ಹಾಕುವ ಅಬೇಟ್ ಎಂಬ ರಾಸಾಯನಿಕಕ್ಕೆ ಎಷ್ಟೋ ದೇಶಗಳಲ್ಲಿ ಈಡಿಸ್ ಒಗ್ಗಿಹೋಗಿದೆ. ನನ್ನ ಮಟ್ಟಿಗೆ ಈ ಪುಡಿಯ ದೊಡ್ಡ ಗುಣ ಇದೇ.

ಇನ್ನೊಂದು ಮಾತು, ಮೊಟ್ಟೆ. ಈಡಿಸ್ ತನ್ನ ಮೊಟ್ಟೆಯನ್ನು ನೀರಿನ ಮೇಲೆ ಇಡಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದ ಕೂಡಲೇ ಮರಿಯಾಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಖಾಲಿ ಇಟ್ಟ ಬ್ಯಾರಲ್‌ಗೆ ಜೂನ್‌ನಲ್ಲಿ ನೀರು ತುಂಬಿದ ವಾರದಲ್ಲೇ ಸೊಳ್ಳೆ ಏಳುವುದು. ಪುಡಿ ಮೊಟ್ಟೆಗೆ ಏನೂ ಮಾಡಲ್ಲ. ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ, ತೆಂಗಿನ ನಾರು ಅಥವಾ ಬ್ರಶ್ಶಿನಿಂದ ಗೋಡೆ ಗಸಗಸ ತಿಕ್ಕಿ, ಬಿಸಿಲಿಗೆ ಒಣಗಿಸುವುದಕ್ಕೆ ಬದಲಿ ಇಲ್ಲ. ಬರಿದು ಮಾಡೋಕೆ ಆಗದ ಪಾತ್ರೆಗೆ ಪುಡಿ, ಆಗುವ ಪಾತ್ರೆಗೆ ತಿಕ್ಕುವುದು. ನಮ್ಮ ಮನೆಯಲ್ಲಿ ಹೀಗೆ ಹಂಚಿಕೊಂಡಿದ್ದೇವೆ.

ಎಮ್ಮೆ ದೋಣಿಗೆ ಮಾತ್ರ ನಾವು ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಿಟ್ಟಿದ್ದೇವೆ, ಅದಕ್ಕೆ ಬೇರೆಯಾಗಿ ಐದಕ್ಕೆ ನಾಲ್ಕೂವರೆ! ಒಂದು ಸಲ ಬಿಟ್ಟರೆ ತಾವೇ ಮರಿ ಹಾಕಿಕೊಂಡು ಇರುತ್ತವೆ, ಮಕ್ಕಳಿಗೂ ನೋಡಲು ಖುಷಿ. ನೆರೆಮನೆಯ ಹಳೆ ಬಾವಿಯಲ್ಲೂ ಬಿಟ್ಟಿದ್ದಾರೆ. ಕೋಲಾರ, ತುಮಕೂರು ಕಡೆಯ ಹಳ್ಳಿಗಳಲ್ಲಿ ಬಾವಿ, ಕಟ್ಟೆಗಳಿಗೆ ಈ ಥರದ ಮೀನು ಬಿಟ್ಟೇ ಮಲೇರಿಯಾ ಇಳಿಸಿದ್ದಾರೆ, ಅದು ನಮ್ಮ ರಾಜ್ಯದ್ದೇ ಒಳ್ಳೆ ಕೆಲಸ. ಬ್ಯಾರಲ್‌ಗೆ ಮೀನು ಆಗಲ್ಲ, ತೊಳೆಯುವಾಗ ಸಾಯುತ್ತವೆ, ಚೊಂಬಿನಲ್ಲಿ ಬರುತ್ತವೆ. ಬಿಟಿಐ ಮೀನಿಗೆ ಏನೂ ಮಾಡದ ಕಾರಣ ಟಾಕಿಯಲ್ಲಿ ಎರಡೂ ಒಟ್ಟಿಗೆ ಇರಬಹುದು. ಆದರೆ ಗಪ್ಪಿಯನ್ನಾಗಲಿ, ಅದೇ ಥರ ಸೊಳ್ಳೆ ಮರಿ ತಿನ್ನುವ ಗ್ಯಾಂಬೂಸಿಯಾ ಮೀನನ್ನಾಗಲಿ ಕೆರೆಗೆ, ಹಳ್ಳಕ್ಕೆ ಬಿಡಬೇಡಿ. ಎರಡೂ ಹೊರದೇಶದವು. ಗ್ಯಾಂಬೂಸಿಯಾ ಅಂತೂ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೇ ಇದೆ. ನಮ್ಮ ಸ್ಥಳೀಯ ಸಣ್ಣ ಮೀನುಗಳ ಮೊಟ್ಟೆಯನ್ನೂ ತಿಂದು ಮುಗಿಸುತ್ತದೆ.

ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಬರೆದಾಗ ಕಾಲೇಜಿಗೆ ಹೋಗುವ ಹುಡುಗನೊಬ್ಬ ಕೇಳಿದ, "ಚಿಗವ್ವಾ, ಈಗ ಜೀನ್ ಬದಲಾಯಿಸಿದ ಸೊಳ್ಳಿ ಬಿಡ್ತಾರಂತಲ್ಲ, ಅದನ್ನ ತರಿಸಿದ್ರ ಈ ಪುಡಿ ಗಿಡಿ ಯಾಕ ಬೇಕು?" ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಮನೆಗೆ ಒಂದು ಡಬ್ಬಿ ಸೊಳ್ಳೆ ತಂದು ಬಿಟ್ಟರೆ ಏನೂ ಆಗಲ್ಲ, ಇಡೀ ಊರು ಸೇರಬೇಕು. ಆದರೂ ಪ್ರಶ್ನೆ ಒಳ್ಳೆಯದು, ಗೊತ್ತಿದ್ದದ್ದನ್ನು ಬರೆಯುತ್ತೇನೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ವೊಲ್ಬಾಕಿಯಾ. ಇದು ಎಷ್ಟೋ ಕೀಟಗಳ ಜೀವಕೋಶದೊಳಗೆ ತಾನಾಗೇ ಇರುವ ಬ್ಯಾಕ್ಟೀರಿಯಾ, ಆದರೆ ಡೆಂಗಿ ಹರಡುವ ಮುಖ್ಯ ಸೊಳ್ಳೆ ಈಡಿಸ್ ಈಜಿಪ್ಟೈಯಲ್ಲಿ ಸಹಜವಾಗಿ ಇಲ್ಲ. ಅದನ್ನು ಸೂಜಿಯಿಂದ ಮೊಟ್ಟೆಗೆ ಸೇರಿಸಿದರೆ ಆ ಸೊಳ್ಳೆಯ ಮೈಯಲ್ಲಿ ಡೆಂಗಿ ವೈರಸ್ ಚೆನ್ನಾಗಿ ಬೆಳೆಯಲ್ಲ, ತಾಯಿಯಿಂದ ಮರಿಗೆ ಆ ಬ್ಯಾಕ್ಟೀರಿಯಾ ಸಾಗುತ್ತಾ ಹೋಗುತ್ತದೆ. ಸೊಳ್ಳೆ ಇರುತ್ತದೆ, ಕಚ್ಚುತ್ತದೆ, ರೋಗ ಹರಡುವುದು ಕಡಿಮೆಯಾಗುತ್ತದೆ. 2011ರಲ್ಲಿ ಆಸ್ಟ್ರೇಲಿಯಾದ ಕೈರ್ನ್ಸ್‌ನಲ್ಲಿ ಮೊದಲು ಬಿಟ್ಟರು. ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಊರನ್ನು ಭಾಗ ಮಾಡಿ ಕೆಲವು ಕಡೆ ಬಿಟ್ಟು, ಕೆಲವು ಕಡೆ ಬಿಡದೆ ಹೋಲಿಸಿ ನೋಡಿದರು. 2021ರಲ್ಲಿ ಬಂದ ಫಲಿತಾಂಶದ ಪ್ರಕಾರ ಬಿಟ್ಟ ಕಡೆ ಡೆಂಗಿ 77 ಶೇಕಡಾ ಕಡಿಮೆ, ಆಸ್ಪತ್ರೆ ಸೇರಿದವರು 86 ಶೇಕಡಾ ಕಡಿಮೆ. ಅಲ್ಲಿ ಮನೆಯವರನ್ನು ಮೊದಲು ಕೇಳಿ, ಒಪ್ಪಿಸಿ, ಅವರ ಅಂಗಳದಲ್ಲೇ ಮೊಟ್ಟೆಯ ಬಕೆಟ್ ಇಟ್ಟರು. ನಮ್ಮ ಪುದುಚೇರಿಯ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆಯವರೂ 2022ರಲ್ಲಿ ಇಲ್ಲಿನ ಈಡಿಸ್‌ಗೆ ವೊಲ್ಬಾಕಿಯಾ ಸೇರಿಸಿದ ತಳಿ ಸಿದ್ಧ ಮಾಡಿದ್ದಾರೆ. ಹೊರಗೆ ಬಿಡೋಕೆ ಸರ್ಕಾರದ ಹಲವು ಒಪ್ಪಿಗೆ ಬೇಕು. ಸಿಂಗಾಪುರದವರು ಇದನ್ನೇ ಬೇರೆ ರೀತಿ ಬಳಸುತ್ತಾರೆ, ಗಂಡು ಸೊಳ್ಳೆಗಳನ್ನು ಮಾತ್ರ ಬಿಡುತ್ತಾರೆ. ಗಂಡು ಕಚ್ಚಲ್ಲ. ಅದರ ಜೊತೆ ಕೂಡಿದ ಊರ ಹೆಣ್ಣು ಸೊಳ್ಳೆಯ ಮೊಟ್ಟೆ ಒಡೆದು ಮರಿಯಾಗಲ್ಲ.

ಜೀನ್ ಬದಲಾಯಿಸಿದ್ದು ಅಂದರೆ ಆಕ್ಸಿಟೆಕ್ ಎಂಬ ಬ್ರಿಟಿಷ್ ಕಂಪನಿಯದು. ಅವರ ಗಂಡು ಸೊಳ್ಳೆಗೆ ಹುಟ್ಟುವ ಹೆಣ್ಣು ಮರಿ ದೊಡ್ಡದಾಗುವ ಮೊದಲೇ ಸಾಯುತ್ತದೆ. ಬ್ರೆಜಿಲ್‌ನಲ್ಲಿ, 2021ರಲ್ಲಿ ಅಮೆರಿಕದ ಫ್ಲೋರಿಡಾ ಕೀಸ್‌ನಲ್ಲೂ ಬಿಟ್ಟಿದ್ದಾರೆ. 2017ರಲ್ಲಿ ಮಹಾರಾಷ್ಟ್ರದ ಜಾಲನಾ ಹತ್ತಿರ ಅವರ ಹಳೆಯ ತಳಿಯನ್ನು ಪಂಜರದೊಳಗೆ ಪರೀಕ್ಷೆ ಮಾಡಲು ಶುರು ಮಾಡಿದ್ದರು, ಹೊರಗೆ ಬಿಟ್ಟಿರಲಿಲ್ಲ. ಜೀನ್ ಡ್ರೈವ್ ಅನ್ನುವುದು ಇದಕ್ಕಿಂತ ಮುಂದಿನದು, ಬದಲಾಯಿಸಿದ ಜೀನ್ ಹೆಚ್ಚುಕಮ್ಮಿ ಎಲ್ಲಾ ಮರಿಗಳಿಗೂ ದಾಟಿ ಹರಡುವಂತೆ ಮಾಡುವ ವಿಧಾನ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2018ರಲ್ಲಿ ಮಲೇರಿಯಾ ಸೊಳ್ಳೆಯ ಒಂದು ಜೀನನ್ನು ಹಾಗೆ ಬದಲಾಯಿಸಿ, ಪಂಜರದ ಸೊಳ್ಳೆ ಸಂತತಿಯೇ 7ರಿಂದ 11 ತಲೆಮಾರಿನಲ್ಲಿ ನಿಂತುಹೋಗುವಂತೆ ಮಾಡಿದರು. ಅದನ್ನು ಬಯಲಿಗೆ ಬಿಡುವ ಮೊದಲು ಬಹಳ ಯೋಚಿಸಬೇಕು ಅಂತ ನನ್ನ ಅಭಿಪ್ರಾಯ. ಒಮ್ಮೆ ಬಿಟ್ಟರೆ ಗಡಿ ಕೇಳಲ್ಲ ಅದು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಒಂದು ಹಳೆಯ ಗಾಯ ಇದೆ. 1970ರ ದಶಕದ ಮೊದಲಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಸೇರಿ ದೆಹಲಿಯಲ್ಲಿ ಸೊಳ್ಳೆಗಳ ವಂಶ ನಿಯಂತ್ರಣದ ಘಟಕ ನಡೆಸಿದ್ದವು. ಹರಿಯಾಣದ ಸೋನಿಪತ್‌ನಲ್ಲಿ ಬಂಜೆ ಮಾಡಿದ ಗಂಡು ಈಡಿಸ್ ಬಿಡಲು ಎಲ್ಲಾ ತಯಾರಿ ಆಗಿತ್ತು. ಅಷ್ಟರಲ್ಲಿ ವಿದೇಶಿ ಹಣದ ಬಗ್ಗೆ, ಇದು ಜೈವಿಕ ಯುದ್ಧದ ಪ್ರಯೋಗ ಅನ್ನುವ ಅನುಮಾನದ ಬಗ್ಗೆ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಗದ್ದಲ ಎದ್ದು 1975ರಲ್ಲಿ ಎಲ್ಲಾ ನಿಂತಿತು. ಸೊಳ್ಳೆ ವಿಜ್ಞಾನದಲ್ಲಿ ನಾವು ಅಷ್ಟು ಮುಂಚೆ ಹೆಜ್ಜೆ ಇಟ್ಟವರು! ಜನರ ಹತ್ತಿರ ಬಾಯಿಬಿಟ್ಟು ಮಾತಾಡದೆ ಇಂಥ ಕೆಲಸಕ್ಕೆ ಇಳಿದರೆ ಹೀಗಾಗುತ್ತದೆ. ನಾಳೆ ನಮ್ಮ ಜಿಲ್ಲೆಗೆ ವೊಲ್ಬಾಕಿಯಾ ಬರುವುದಾದರೆ ನಾನು ನಮ್ಮ ಅಂಗಳದಲ್ಲಿ ಬಕೆಟ್ ಇಡಲು ಸಿದ್ಧ. ಆದರೆ ಮೊದಲು ನೇಕಾರರ ಓಣಿಯಲ್ಲಿ ಕೂತು ಕನ್ನಡದಲ್ಲಿ ತಿಳಿಸಿ ಹೇಳಬೇಕು, ಅತ್ತೆಯಂಥವರ ಪ್ರಶ್ನೆಗೆ ಉತ್ತರ ಕೊಡಬೇಕು.

ಅಲ್ಲಿಯವರೆಗೆ ಈ ಪುಡಿಯೇ ಕೈಗೆ ಸಿಗುವುದು. ನೀರು ಹಿಡಿದಿಟ್ಟುಕೊಳ್ಳಲೇಬೇಕಾದ ಮನೆ, ದೊಡ್ಡ ಟಾಕಿ ಇರುವ ಮನೆ, ಮಗ್ಗದ ಮನೆ, ಶಾಲೆ, ಮಠ, ಕಟ್ಟಡ ಕಟ್ಟುತ್ತಿರುವವರು ಖಂಡಿತ ತಗೊಳ್ಳಿ. ಕಟ್ಟಡದ ನೀರಿನ ತೊಟ್ಟಿಗಳಂತೂ ಸೊಳ್ಳೆಯ ಹೆರಿಗೆ ಆಸ್ಪತ್ರೆ. ಒಂದೆರಡು ಕೊಡದಲ್ಲಿ ನೀರಿಟ್ಟುಕೊಂಡು ದಿನಾ ಖಾಲಿ ಮಾಡುವವರಿಗೆ ಬೇಕಾಗಿಲ್ಲ, ಸುಮ್ನೆ ದುಡ್ಡು. ಈಗಾಗಲೇ ಹಾರುತ್ತಿರುವ ಸೊಳ್ಳೆ ಓಡಿಸೋಕೆ ಅಂತ ತರುವವರಿಗೂ ಬೇಡ.

ಒಬ್ಬರ ಮನೆಯಲ್ಲಿ ಮಾತ್ರ ಹಾಕಿದರೆ ಅರ್ಧ ಲಾಭ. ಈಡಿಸ್ ದೂರ ಹಾರುವ ಸೊಳ್ಳೆ ಅಲ್ಲ, ಸಾಮಾನ್ಯವಾಗಿ ನೂರಿನ್ನೂರು ಮೀಟರ್ ಒಳಗೇ ಸುತ್ತುತ್ತದೆ. ಅಂದರೆ ನನ್ನ ಮಗ್ಗಕ್ಕೆ ಬರುವುದು ಪಕ್ಕದ ಮನೆ ಬ್ಯಾರಲ್‌ನಿಂದಲೇ. ಹಾಗಾಗಿ ಈ ಸಲ ಓಣಿಯವರು ಕೂಡಿ ದೊಡ್ಡ ಪ್ಯಾಕ್ ತರಿಸಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಹಂಚಿಕೊಳ್ಳುವುದು ಅಂತ ಮಾತಾಗಿದೆ. ಪ್ರತಿ ಪೊಟ್ಟಣದ ಮೇಲೆ ಕನ್ನಡದಲ್ಲಿ ಅಳತೆ ಮತ್ತು ತಾರೀಕು ನಾನೇ ಬರೆಯುತ್ತೇನೆ. ಇಳಕಲ್, ಬಾದಾಮಿ, ಹುನಗುಂದ ಕಡೆ ಯಾವುದಾದರೂ ಅಂಗಡಿಯಲ್ಲಿ ಇಸ್ರೇಲೆನ್ಸಿಸ್ ತಳಿಯ ಸಣ್ಣ ಪೊಟ್ಟಣ ಸಿಗುತ್ತದೆ ಅಂತ ಗೊತ್ತಿದ್ದವರು ಕೆಳಗೆ ಬರೆಯಿರಿ, ತಯಾರಾದ ತಾರೀಕೂ ನೋಡಿ ತಿಳಿಸಿ.